ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಉದ್ಯೋಗಕ್ಕಾಗಿ ಪ್ರಥಮ ಬಾರಿಗೆ ತೆರಳುವವರಿಗೆ ಮಾಹಿತಿ: ಮೊದಲ ಆರು ತಿಂಗಳು

ಪ್ರಸ್ತಾವನೆ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಾರ್ಥಿಗಳಾಗಿ ತೆರಳುವ ಪರಿಪಾಠವು ಹಲವು ದಶಕಗಳಿಂದ ನಡೆದುಬಂದಿರುತ್ತದೆ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಸಂಪರ್ಕ ಏರ್ಪಟ್ಟ ತರುವಾಯ ಪ್ರಯಾಣವು ಸುಲಭವಾಗಿದೆ. ಒಳನಾಡಿನ ಜಿಲ್ಲೆಗಳವರೂ ಈಗ ಇದೇ ಮಾರ್ಗವನ್ನು ಹಿಡಿಯುತ್ತಿದ್ದಾರೆ. ಆದರೆ ಪಾಸ್‌ಪೋರ್ಟ್, ಪೊಲೀಸ್ ದೃಢೀಕರಣ ಪತ್ರ ಮತ್ತು ಪದವಿ ಪ್ರಮಾಣಪತ್ರಗಳ ದೃಢೀಕರಣಕ್ಕಾಗಿ ಅರ್ಜಿ ಸಲ್ಲಿಸುವವರಲ್ಲಿ ಅನೇಕರು, ಆ ಕಾಗದಪತ್ರಗಳು ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದು ಕಂಡುಬರುತ್ತದೆ. ವಾಸ್ತವವಾಗಿ ಹೊಸ ದೇಶದಲ್ಲಿ ನೆಲೆಗೊಳ್ಳುವ ಕಾರ್ಯವು ಅಲ್ಲಿಂದಲೇ ಆರಂಭವಾಗುತ್ತದೆ.

ಸಂಯುಕ್ತ ಅರಬ್ ಎಮಿರೇಟ್ಸ್‌ಗೆ (ಯು.ಎ.ಇ.) ಮೊದಲ ಸಲ ಹೋಗುವ ಕಾರ್ಮಿಕರು, ತಾಂತ್ರಿಕ ನೌಕರರು, ಅಂಗಡಿ ಮತ್ತು ಹೋಟೆಲು ಸಿಬ್ಬಂದಿ ಹಾಗೂ ಅವರ ಕುಟುಂಬದವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಹೊಸಬರಿಗೆ ಬಿಸಿಲು, ಊಟ ಮತ್ತು ಭಾಷೆ ತೊಂದರೆ ಕೊಡುವುದು ನಿಜವೇ ಆದರೂ ಅವು ಕೆಲವೇ ತಿಂಗಳುಗಳಲ್ಲಿ ಒಗ್ಗುತ್ತವೆ. ಒಗ್ಗದೇ ಉಳಿಯುವುದು ಲೆಕ್ಕಾಚಾರದಲ್ಲಿ ಆದ ಪ್ರಮಾದ. ಊರಿನಲ್ಲಿ ಕೇಳಿದ ಸಂಬಳ ಒಂದು, ಸಹಿ ಹಾಕಿದ ಕರಾರಿನಲ್ಲಿರುವ ಸಂಬಳ ಇನ್ನೊಂದು, ಊರಿನಲ್ಲಿ ತೀರಿಸಬೇಕಾದ ಸಾಲ ಮತ್ತೊಂದು ಎಂಬ ಸ್ಥಿತಿಯಲ್ಲಿ ಯಾವ ಊರಿನಲ್ಲಿಯೂ ಮನಸ್ಸು ನಿಲ್ಲುವುದಿಲ್ಲ. ಆದ ಕಾರಣ ಈ ಪುಟದಲ್ಲಿ ಹಣಕಾಸಿನ ವಿಷಯಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ.

ಹೊರಡುವ ಮುನ್ನ

ಹತ್ತನೆಯ ತರಗತಿ ಉತ್ತೀರ್ಣರಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇ.ಸಿ.ಆರ್.’ ವರ್ಗಕ್ಕೆ ಸೇರಿರುತ್ತದೆ. ಇಂತಹವರು ಯು.ಎ.ಇ. ಸೇರಿದಂತೆ ಅಧಿಸೂಚಿತ 18 ರಾಷ್ಟ್ರಗಳಿಗೆ ಉದ್ಯೋಗಕ್ಕೆ ತೆರಳಬೇಕಾದಲ್ಲಿ 1983ರ ವಲಸೆ ಕಾಯ್ದೆಯ ಮೇರೆಗೆ ವಲಸಿಗರ ರಕ್ಷಕರಿಂದ ಅನುಮತಿ ಪಡೆಯತಕ್ಕದ್ದು. ಬೆಂಗಳೂರಿನಲ್ಲಿಯೂ ಈ ಅಧಿಕಾರಿಯ ಕಚೇರಿ ಇರುತ್ತದೆ. ಅರ್ಜಿಯನ್ನು ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ಮೂಲಕ ಸಲ್ಲಿಸಬೇಕು. ಇದೇ ಜಾಲತಾಣದಲ್ಲಿ ನೋಂದಾಯಿತ ನೇಮಕಾತಿ ಏಜೆಂಟರ ಪಟ್ಟಿಯೂ ಲಭ್ಯವಿದ್ದು, ತಮ್ಮೊಡನೆ ವ್ಯವಹರಿಸುತ್ತಿರುವ ಏಜೆಂಟರ ನೋಂದಣಿ ಸಂಖ್ಯೆಯು ಊರ್ಜಿತದಲ್ಲಿದೆಯೇ ಎಂಬುದನ್ನು ಹಣ ಕೊಡುವ ಮೊದಲು ನೋಡಿಕೊಳ್ಳುವುದು. ಇ.ಸಿ.ಆರ್. ಪಾಸ್‌ಪೋರ್ಟ್ ಹೊಂದಿರುವ 30 ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಹಿಳೆಯರಿಗೆ ಮನೆಗೆಲಸದಂತಹ ಉದ್ಯೋಗಗಳಿಗೆ ಅನುಮತಿ ನೀಡಲಾಗುವುದಿಲ್ಲ.

ಈ ಅನುಮತಿಯ ಗೊಡವೆಯೇ ಬೇಡವೆಂದು ಕೆಲವರನ್ನು ಪ್ರವಾಸಿ ವೀಸಾದ ಮೇಲೆ ಕಳುಹಿಸುವ ಪರಿಪಾಠವಿದೆ. ‘ಅಲ್ಲಿಗೆ ಹೋದ ಮೇಲೆ ಬದಲಾಯಿಸಿ ಕೊಡುತ್ತೇವೆ’ ಎಂಬುದು ಅದರ ಜೊತೆಗೆ ಬರುವ ಮಾತು. ಕೆಲಸದ ಪರವಾನಗಿ ಇಲ್ಲದೆ ದುಡಿಯುವುದು ಆ ದೇಶದಲ್ಲಿ ಅಪರಾಧ. ಹೀಗೆ ದುಡಿಸಿಕೊಳ್ಳುವ ಮಾಲೀಕರಿಗೆ 2024ರ ತಿದ್ದುಪಡಿಯಂತೆ ಒಂದು ಲಕ್ಷ ದಿರ್ಹಂನಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡ ವಿಧಿಸಲು ಅವಕಾಶವಿದೆಯಾದರೂ, ಸಿಕ್ಕಿಬಿದ್ದ ಕೆಲಸಗಾರನಿಗೆ ಅದರಿಂದ ಯಾವ ಸಮಾಧಾನವೂ ದೊರೆಯದು. ಅವಧಿ ಮೀರಿ ಉಳಿದ ಪ್ರತಿ ದಿನಕ್ಕೆ 50 ದಿರ್ಹಂ ದಂಡ ಅವನ ತಲೆಯ ಮೇಲೆಯೇ ಬೀಳುತ್ತದೆ. ಕರಾರು ಪತ್ರವಿಲ್ಲದ ಕಾರಣ ಸಂಬಳದ ಬಾಕಿಯನ್ನು ರುಜುವಾತುಪಡಿಸುವುದೂ ಕಷ್ಟ. ಪ್ರವಾಸಿ ವೀಸಾದ ಮೇಲೆ ಹೋಗಿ ಉದ್ಯೋಗ ಹುಡುಕುವುದು ಬೇರೆ, ದುಡಿಯುವುದು ಬೇರೆ ಎಂಬುದನ್ನು ವಿದ್ಯಾವಂತರೂ ಮರೆಯುತ್ತಾರೆ.

ನೋಂದಾಯಿತ ಏಜೆಂಟರು ಉದ್ಯೋಗಾರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ ರೂ. 30,000 ಆಗಿದ್ದು, ಶೇ. 18ರ ಸರಕು ಮತ್ತು ಸೇವಾ ತೆರಿಗೆ ಸೇರಿ ರೂ. 35,400 ಆಗುತ್ತದೆ. ಇದಕ್ಕೆ ರಸೀದಿ ಪಡೆಯತಕ್ಕದ್ದು. ನೇಮಕಾತಿಯ ಹಾಗೂ ವೀಸಾದ ವೆಚ್ಚವನ್ನು ಕೆಲಸಗಾರನಿಂದ ನೇರವಾಗಿಯಾಗಲಿ, ಪರೋಕ್ಷವಾಗಿಯಾಗಲಿ ವಸೂಲು ಮಾಡುವಂತಿಲ್ಲವೆಂದು ಯು.ಎ.ಇ.ಯ 2021ರ ಕಾರ್ಮಿಕ ಕಾನೂನು (ಒಕ್ಕೂಟ ಆಜ್ಞಾ ಕಾನೂನು ಸಂಖ್ಯೆ 33, ಜಾರಿ ದಿನಾಂಕ 2 ಫೆಬ್ರವರಿ 2022) ಹೇಳುತ್ತದೆ. ಆದುದರಿಂದ ಯಾರಾದರೂ ಒಂದೂವರೆ ಲಕ್ಷ, ಎರಡು ಲಕ್ಷ ರೂಪಾಯಿಗಳನ್ನು ‘ವೀಸಾ ಖರ್ಚು’ ಎಂದು ಕೇಳಿದಲ್ಲಿ, ಆ ಬೇಡಿಕೆಯನ್ನೇ ಎಚ್ಚರಿಕೆಯ ಗಂಟೆಯೆಂದು ತಿಳಿಯುವುದು.

ಇ.ಸಿ.ಆರ್. ವರ್ಗದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯು ಕಡ್ಡಾಯ. ಎರಡು ವರ್ಷಕ್ಕೆ ರೂ. 275, ಮೂರು ವರ್ಷಕ್ಕೆ ರೂ. 375 (ತೆರಿಗೆ ಪ್ರತ್ಯೇಕ) ಕಂತಿಗೆ ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದಲ್ಲಿ ರೂ. 10 ಲಕ್ಷದ ರಕ್ಷಣೆ ದೊರೆಯುತ್ತದೆ. ಪಾಲಿಸಿಯ ಒಂದು ಪ್ರತಿ ಮನೆಯಲ್ಲಿ ಇರಲೇಬೇಕು. ಪಾಲಿಸಿ ಇದ್ದುದೇ ಮನೆಯವರಿಗೆ ತಿಳಿಯದಿದ್ದರೆ ಪರಿಹಾರ ಕೇಳುವವರು ಯಾರು?

ವಾಸದ ಪರವಾನಗಿಗೆ ಮುನ್ನ ಅಲ್ಲಿ ವೈದ್ಯಕೀಯ ಪರೀಕ್ಷೆ ನಡೆಯುತ್ತದೆ. ಎಚ್.ಐ.ವಿ. ಹಾಗೂ ಕ್ಷಯರೋಗದ ತಪಾಸಣೆಯಲ್ಲಿ ಅನರ್ಹರೆಂದು ಕಂಡುಬಂದವರಿಗೆ ಪರವಾನಗಿ ದೊರೆಯುವುದಿಲ್ಲ. ಹಿಂದೆ ಕ್ಷಯರೋಗ ಬಂದು ವಾಸಿಯಾದವರು ಸಾಲ ಮಾಡುವ ಮೊದಲೇ ಎದೆಯ ಎಕ್ಸ್‌ರೇ ತೆಗೆಸಿ ವೈದ್ಯರ ಅಭಿಪ್ರಾಯ ಪಡೆಯುವುದು ಒಳಿತು.

ಪೆಟ್ಟಿಗೆಯಲ್ಲಿ ಇರಬಾರದ ವಸ್ತುಗಳು

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಇದರಿಂದ ವಿಮಾನ ನಿಲ್ದಾಣದಲ್ಲಿಯೇ ಬಂಧನಕ್ಕೊಳಗಾಗುವ ಸಂಭವವಿದೆ. ನಮ್ಮ ಮನೆಗಳಲ್ಲಿ ಪಾಯಸಕ್ಕೂ ಮಸಾಲೆಗೂ ಬಳಸುವ ಗಸಗಸೆ ಆ ದೇಶದಲ್ಲಿ ನಿಷೇಧಿತ ವಸ್ತು. ಅಫೀಮು ಗಿಡದ ಬೀಜವೆಂಬ ಕಾರಣಕ್ಕೆ ಮಾದಕವಸ್ತು ಕಾನೂನಿನಡಿ ಅದನ್ನು ಪರಿಗಣಿಸಲಾಗುತ್ತದೆ. ತಾಯಂದಿರು ಪ್ರೀತಿಯಿಂದ ಕಟ್ಟಿಕೊಡುವ ಮಸಾಲೆ ಪುಡಿಯಲ್ಲಿ ಗಸಗಸೆ ಇದೆಯೇ ಎಂದು ಕೇಳಿಯೇ ಪೆಟ್ಟಿಗೆಗೆ ಹಾಕುವುದು. ವೀಳ್ಯದೆಲೆ ಹಾಗೂ ಪಾನ್ ಪದಾರ್ಥಗಳೂ ನಿಷೇಧಿತ ಪಟ್ಟಿಯಲ್ಲಿವೆ. ಎಲೆಅಡಿಕೆ ಅಭ್ಯಾಸವಿರುವವರು ಹೊರಡುವ ಒಂದು ತಿಂಗಳ ಮೊದಲೇ ಅದನ್ನು ಬಿಡಲು ಪ್ರಯತ್ನಿಸಿದರೆ ಅನುಕೂಲ.

ಔಷಧಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಟ್ರಮಡಾಲ್, ಕೋಡೀನ್ ಒಳಗೊಂಡ ನೋವಿನ ಮಾತ್ರೆ ಹಾಗೂ ಕೆಮ್ಮಿನ ಸಿರಪ್‌ಗಳು, ನಿದ್ರೆ ಮತ್ತು ಮಾನಸಿಕ ಚಿಕಿತ್ಸೆಯ ಕೆಲವು ಮಾತ್ರೆಗಳು ಅಲ್ಲಿ ನಿಯಂತ್ರಿತ ಔಷಧಿಗಳಾಗಿರುತ್ತವೆ. ಅವನ್ನು ಒಯ್ಯಲು ಅಲ್ಲಿನ ಆರೋಗ್ಯ ಸಚಿವಾಲಯದ ಪೂರ್ವಾನುಮತಿ ಅಗತ್ಯ. ಯಾವುದೇ ಮಾತ್ರೆಯನ್ನು ಅದರ ಮೂಲ ಪೊಟ್ಟಣದಲ್ಲಿ, ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿಯೊಡನೆ ಒಯ್ಯುವುದು. ನೆರೆಹೊರೆಯವರು ‘ನಮ್ಮ ಹುಡುಗನಿಗೆ ಕೊಟ್ಟುಬಿಡಿ’ ಎಂದು ಕೊಡುವ ಕಟ್ಟನ್ನು ಬಿಚ್ಚಿ ನೋಡದೆ ಸ್ವೀಕರಿಸಬಾರದು. ದಾಕ್ಷಿಣ್ಯಕ್ಕೆ ಒಯ್ದದ್ದಾದರೂ ಅದು ಯಾರ ಪೆಟ್ಟಿಗೆಯಲ್ಲಿ ಸಿಕ್ಕಿತೋ ಅವರೇ ಉತ್ತರಿಸಬೇಕಾಗುತ್ತದೆ.

ಕರಾರು ಪತ್ರ ಮತ್ತು ಸಂಬಳದ ಲೆಕ್ಕ

ಯು.ಎ.ಇ.ಯಲ್ಲಿ ಖಾಸಗಿ ನೌಕರರ ವಿಷಯವನ್ನು ಮಾನವ ಸಂಪನ್ಮೂಲ ಮತ್ತು ಎಮಿರಟೈಸೇಶನ್ ಸಚಿವಾಲಯವು (ಮುಂದೆ ‘ಕಾರ್ಮಿಕ ಸಚಿವಾಲಯ’ ಎಂದು ಕರೆಯಲಾಗಿದೆ) ನೋಡಿಕೊಳ್ಳುತ್ತದೆ. ಮನೆಗೆಲಸದವರಿಗೆ 2022ರ ಪ್ರತ್ಯೇಕ ಕಾನೂನು ಅನ್ವಯಿಸುತ್ತದೆ. 2016ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಂತೆ, ಮಾಲೀಕರು ಸಚಿವಾಲಯದ ನಮೂನೆಯಲ್ಲಿ ಉದ್ಯೋಗ ಪ್ರಸ್ತಾವ ಪತ್ರವನ್ನು ಕಳುಹಿಸಿ, ಕೆಲಸಗಾರನು ಅದಕ್ಕೆ ತನ್ನ ದೇಶದಲ್ಲಿರುವಾಗಲೇ ಸಹಿ ಮಾಡಬೇಕು. ಆ ಪತ್ರದಲ್ಲಿ ಇರುವುದಕ್ಕಿಂತ ಕಡಿಮೆ ಸೌಲಭ್ಯವನ್ನು ಮುಂದಿನ ಕರಾರಿನಲ್ಲಿ ಕೊಡುವಂತಿಲ್ಲ. ಅರಬ್ಬಿ ಮತ್ತು ಇಂಗ್ಲಿಷಿನ ಜೊತೆಗೆ ಹಿಂದಿ, ಮಲಯಾಳಂ, ತಮಿಳು, ಉರ್ದು ಮುಂತಾದ ಭಾಷೆಗಳಲ್ಲಿ ಈ ಪತ್ರ ದೊರೆಯುವಂತೆ ಮಾಡಲಾಯಿತಾದರೂ ಆಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಕನ್ನಡ ಮಾತ್ರ ಓದಬಲ್ಲವರು ಊರಿನ ಶಾಲಾ ಶಿಕ್ಷಕರಿಂದಲೋ, ಬ್ಯಾಂಕಿನ ನೌಕರರಿಂದಲೋ ಸಾಲುಸಾಲಾಗಿ ಓದಿಸಿಕೊಂಡು, ಅರ್ಥವನ್ನು ಬರೆದಿಟ್ಟುಕೊಂಡ ಮೇಲೆಯೇ ಸಹಿ ಹಾಕುವುದು. ಪತ್ರವನ್ನು ತಂದ ಏಜೆಂಟರಿಂದಲೇ ಅದರ ಅರ್ಥ ಕೇಳುವುದು ಸರಿಯಾದ ಕ್ರಮವಲ್ಲ.

ಪತ್ರದಲ್ಲಿ ಮೊದಲು ನೋಡಬೇಕಾದದ್ದು ಒಟ್ಟು ಸಂಬಳವಲ್ಲ, ಮೂಲ ವೇತನ. ಒಟ್ಟು ಮೊತ್ತವನ್ನು ಮೂಲ ವೇತನ ಹಾಗೂ ವಸತಿ, ಸಾರಿಗೆ ಮುಂತಾದ ಭತ್ಯೆಗಳೆಂದು ವಿಂಗಡಿಸಲಾಗಿರುತ್ತದೆ. ಹೊಸಬರು ಒಟ್ಟು ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ಸಂತೋಷಪಡುತ್ತಾರೆ. ಆದರೆ ಹೆಚ್ಚುವರಿ ದುಡಿಮೆಯ ಭತ್ಯೆ ಮತ್ತು ಸೇವಾಂತ್ಯದ ಉಪದಾನ ಎರಡನ್ನೂ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ. ಉದಾಹರಣೆಗೆ, ಇಬ್ಬರಿಗೆ ತಿಂಗಳಿಗೆ ಒಟ್ಟು 2,000 ದಿರ್ಹಂ ಸಂಬಳವೆಂದು ಭಾವಿಸೋಣ. ಒಬ್ಬನ ಮೂಲ ವೇತನ 1,000, ಇನ್ನೊಬ್ಬನದು 1,600.

ಮೊದಲನೆಯವನ ದಿನದ ಮೂಲ ವೇತನ 33 ದಿರ್ಹಂ 33 ಫಿಲ್ಸ್. ಎಂಟು ಗಂಟೆಗೆ ಭಾಗಿಸಿ, ಹೆಚ್ಚುವರಿ ದುಡಿಮೆಗೆ ಕಾನೂನು ಹೇಳುವ ಕನಿಷ್ಠ ಶೇ. 25ನ್ನು ಸೇರಿಸಿದರೆ ಗಂಟೆಗೆ 5 ದಿರ್ಹಂ 21 ಫಿಲ್ಸ್ ಆಗುತ್ತದೆ. ಎರಡನೆಯವನಿಗೆ ಅದೇ ಗಂಟೆಗೆ 8 ದಿರ್ಹಂ 33 ಫಿಲ್ಸ್. ಉಪದಾನವು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ತದನಂತರ ವರ್ಷಕ್ಕೆ 30 ದಿನಗಳದ್ದು. ಐದು ವರ್ಷ ದುಡಿದು ಹಿಂದಿರುಗುವಾಗ ಮೊದಲನೆಯವನ ಕೈಗೆ 3,500 ದಿರ್ಹಂ, ಎರಡನೆಯವನ ಕೈಗೆ 5,600 ದಿರ್ಹಂ ಬರುತ್ತದೆ. ಒಂದೇ ಕೋಣೆಯಲ್ಲಿದ್ದು ಒಂದೇ ಸಂಬಳವೆಂದು ಹೇಳಿಕೊಂಡ ಇಬ್ಬರ ನಡುವೆ ಇಷ್ಟು ಅಂತರ! ಒಂದು ವರ್ಷ ಪೂರೈಸದವರಿಗೆ ಉಪದಾನವಿಲ್ಲ. ವಿದೇಶೀ ನೌಕರರಿಗೆ ಕಾನೂನಿನಲ್ಲಿ ಕನಿಷ್ಠ ವೇತನದ ಅಂಕಿ ನಿಗದಿಯಾಗಿಲ್ಲವಾದ್ದರಿಂದ ಸಹಿ ಹಾಕುವ ಮುನ್ನ ನಡೆಯುವ ಮಾತುಕತೆಯೇ ಮುಖ್ಯವಾದದ್ದು.

ಸಂಬಳವನ್ನು 2009ರಲ್ಲಿ ಆರಂಭವಾದ ವೇತನ ಸಂರಕ್ಷಣಾ ವ್ಯವಸ್ಥೆಯ ಮೂಲಕ ಬ್ಯಾಂಕ್ ಖಾತೆಗೆ ಅಥವಾ ವೇತನ ಕಾರ್ಡಿಗೆ ಜಮಾ ಮಾಡಲಾಗುತ್ತದೆ. ನಗದಾಗಿ ಕೊಟ್ಟು ಖಾಲಿ ಕಾಗದಕ್ಕೆ ಸಹಿ ಪಡೆಯುವವರು ಸಿಕ್ಕಿದಲ್ಲಿ ಸಹಿ ಹಾಕಕೂಡದು. ಕಾರ್ಡನ್ನು ಮೇಸ್ತ್ರಿಯ ವಶಕ್ಕೆ ಕೊಡಕೂಡದು.

ಪಾಸ್‌ಪೋರ್ಟ್ ಕೆಲಸಗಾರನ ಬಳಿಯೇ ಇರತಕ್ಕದ್ದು. ನೌಕರನ ಅಧಿಕೃತ ದಾಖಲೆಗಳನ್ನು ಮಾಲೀಕರು ತಡೆಹಿಡಿಯುವಂತಿಲ್ಲವೆಂದು 2021ರ ಕಾನೂನಿನಲ್ಲಿ ಸ್ಪಷ್ಟವಾಗಿ ನಮೂದಿಸಲಾಗಿದೆ. ಕೆಲವು ದಿನ ಕೊಡಬೇಕಾದ ಸಂದರ್ಭ ಬಂದರೆ ಕೊಟ್ಟ ದಿನಾಂಕವನ್ನು ಬರೆದಿಟ್ಟುಕೊಂಡು, ಮೊದಲ ಮತ್ತು ಕೊನೆಯ ಪುಟಗಳ ಛಾಯಾಚಿತ್ರವನ್ನು ಮನೆಗೆ ಕಳುಹಿಸಿರಬೇಕು.

ಮೊದಲ ಮೂರು ತಿಂಗಳ ಖರ್ಚು

ಈ ಭಾಗವನ್ನು ಉದ್ಯೋಗಾರ್ಥಿಗಿಂತಲೂ ಹೆಚ್ಚಾಗಿ ಅವನ ಮನೆಯವರು ಓದಬೇಕೆಂದು ಕೋರಲಾಗಿದೆ. ಉದ್ಯೋಗದ ಪ್ರವೇಶ ಪರವಾನಗಿಯ ಮೇಲೆ ತಲುಪಿದವರು ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಎಮಿರೇಟ್ಸ್ ಗುರುತಿನ ಚೀಟಿ, ವಾಸದ ಪರವಾನಗಿ, ಆನಂತರ ಬ್ಯಾಂಕ್ ಖಾತೆ ಎಂಬ ಕ್ರಮವನ್ನು ದಾಟಬೇಕು. ಇದಕ್ಕೆ ವಾರಗಳೇ ಹಿಡಿಯುತ್ತವೆ. ತಿಂಗಳ ಮಧ್ಯದಲ್ಲಿ ತಲುಪಿದವನ ಮೊದಲ ಸಂಬಳವು ಅರ್ಧ ತಿಂಗಳದ್ದು. ಅದೂ ಎರಡನೆಯ ತಿಂಗಳ ಸಂಬಳದೊಡನೆ ಕೂಡಿ ಬರುವುದುಂಟು. ಅಷ್ಟರವರೆಗೆ ಊಟ, ದೂರವಾಣಿ, ಬಸ್ಸು, ಸೋಪು, ಕೆಲಸದ ಬೂಟು ಎಲ್ಲಕ್ಕೂ ಕೈಯಲ್ಲಿರುವ ಹಣವೇ ಆಧಾರ. ಆದ ಕಾರಣ ಎರಡು ತಿಂಗಳ ಊಟದ ಖರ್ಚಿಗೆ ಸಾಲುವಷ್ಟು ದಿರ್ಹಂಗಳನ್ನು ಜೊತೆಯಲ್ಲಿ ಒಯ್ಯುವುದು ಸೂಕ್ತ.

ಇತ್ತ ಊರಿನಲ್ಲಿ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಒಂದೂವರೆ ಲಕ್ಷ ಸಾಲ ಮಾಡಿದ್ದಲ್ಲಿ ತಿಂಗಳಿಗೆ ರೂ. 3,000 ಬಡ್ಡಿಯೇ ಆಗುತ್ತದೆ. ಮೂರು ತಿಂಗಳಲ್ಲಿ ರೂ. 9,000. ಮಗ ಹೋಗಿ ಮೂರು ತಿಂಗಳಾದರೂ ಒಂದು ರೂಪಾಯಿ ಬರಲಿಲ್ಲವೆಂದು ಮನೆಯವರು ಚಿಂತಿಸುವುದೂ, ಅವರ ದೂರವಾಣಿ ಕರೆಗೆ ಹೆದರಿ ಅವನು ಜೊತೆಗಾರರಿಂದ ಕೈಸಾಲ ಪಡೆದು ಹಣ ಕಳುಹಿಸುವುದೂ ಬಹಳ ಸಾಮಾನ್ಯ. ಹೀಗೆ ಆರಂಭವಾದ ಕೈಸಾಲವು ವರ್ಷ ಕಳೆದರೂ ತೀರುವುದಿಲ್ಲ. ಮೊದಲ ಮೂರು ತಿಂಗಳು ಹಣ ಬರುವುದಿಲ್ಲವೆಂಬುದನ್ನು ಹೊರಡುವ ಮೊದಲೇ ತಂದೆತಾಯಿ, ಹೆಂಡತಿ ಹಾಗೂ ಸಾಲ ಕೊಟ್ಟವರ ಸಮ್ಮುಖದಲ್ಲಿ ಮಾತನಾಡಿಕೊಂಡು, ಆ ಅವಧಿಯ ಬಡ್ಡಿಯನ್ನು ಬೇರೆಯಾಗಿ ತೆಗೆದಿಡುವುದು. ಇದು ಯಾವ ನಿಯಮಾವಳಿಯಲ್ಲಿಯೂ ಇಲ್ಲ, ಆದರೂ ಈ ಪುಟದಲ್ಲಿ ಹೇಳಿರುವ ಅನೇಕ ನಿಯಮಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಣ ಕಳುಹಿಸುವಾಗ ಬ್ಯಾಂಕು ಅಥವಾ ಪರವಾನಗಿ ಹೊಂದಿದ ವಿನಿಮಯ ಕೇಂದ್ರಗಳ ಮೂಲಕವೇ ಕಳುಹಿಸಿ ರಸೀದಿಗಳನ್ನು ಕಾಯ್ದಿಡಬೇಕು. ಹುಂಡಿಯವರು ನಾಲ್ಕು ಪೈಸೆ ಹೆಚ್ಚು ದರ ಕೊಡುತ್ತಾರೆಂಬ ಆಸೆಗೆ ಬಿದ್ದವರಿಗೆ ಮುಂದೆ ನಿವೇಶನ ಕೊಳ್ಳುವಾಗ ಹಣದ ಮೂಲವನ್ನು ತೋರಿಸಲು ಯಾವ ದಾಖಲೆಯೂ ಇರುವುದಿಲ್ಲ. ದಿರ್ಹಂ ಮೌಲ್ಯವು ಡಾಲರಿಗೆ 3.6725ರಂತೆ 1997ರಿಂದ ಸ್ಥಿರವಾಗಿರುವುದರಿಂದ, ರೂಪಾಯಿ ಲೆಕ್ಕದಲ್ಲಿ ಕಾಣುವ ಏರಿಳಿತವೆಲ್ಲ ಡಾಲರಿನೆದುರು ರೂಪಾಯಿಯ ಏರಿಳಿತವೇ ಆಗಿರುತ್ತದೆ. ದರಕ್ಕಾಗಿ ವಾರಗಟ್ಟಲೆ ಕಾಯುವುದರಿಂದ ಬಡ್ಡಿಯೇ ಹೆಚ್ಚಾಗುವ ಸಂಭವ ಇದೆ.

ಉದ್ಯೋಗಕ್ಕೆಂದು ವಿದೇಶಕ್ಕೆ ತೆರಳಿದವರು ವಿದೇಶಿ ವಿನಿಮಯ ಕಾನೂನಿನ ದೃಷ್ಟಿಯಿಂದ ಅನಿವಾಸಿಗಳು. ಇವರು ಊರಿನಲ್ಲಿರುವ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಾಯಿಸಿಕೊಳ್ಳತಕ್ಕದ್ದು. ಅಲ್ಲಿನ ಗಳಿಕೆಯನ್ನು ಇಡಲು ಎನ್.ಆರ್.ಇ. ಖಾತೆ ತೆರೆಯಬಹುದು, ಅದರ ಬಡ್ಡಿಗೆ ಅನಿವಾಸಿಯಾಗಿರುವವರೆಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಹಣವನ್ನು ಮರಳಿ ವಿದೇಶಕ್ಕೆ ಒಯ್ಯಲೂ ಅಡ್ಡಿಯಿಲ್ಲ. ಬಾಡಿಗೆ, ತೋಟದ ಉತ್ಪತ್ತಿ ಮುಂತಾದ ಊರಿನ ಆದಾಯವು ಎನ್.ಆರ್.ಒ. ಖಾತೆಗೆ ಹೋಗಬೇಕು.

ಪರೀಕ್ಷಾವಧಿ ಮತ್ತು ರಜೆ

ಪರೀಕ್ಷಾವಧಿಯು ಆರು ತಿಂಗಳನ್ನು ಮೀರುವಂತಿಲ್ಲ. ಈ ಅವಧಿಯಲ್ಲಿ ಮಾಲೀಕರು 14 ದಿನಗಳ ಲಿಖಿತ ಸೂಚನೆ ಕೊಟ್ಟು ಕೆಲಸದಿಂದ ತೆಗೆಯಬಹುದು. ಕೆಲಸಗಾರನು ದೇಶ ಬಿಟ್ಟು ಹೋಗುವುದಾದರೆ 14 ದಿನಗಳ, ಅದೇ ದೇಶದಲ್ಲಿ ಬೇರೆ ಮಾಲೀಕರ ಬಳಿ ಸೇರುವುದಾದರೆ ಒಂದು ತಿಂಗಳ ಸೂಚನೆ ಕೊಡಬೇಕು. ಸೂಚನೆ ಕೊಡದೆ ಕೆಲಸ ಬಿಟ್ಟು ಹೋದವರನ್ನು ‘ತಲೆಮರೆಸಿಕೊಂಡವರು’ ಎಂದು ವರದಿ ಮಾಡುವ ಅವಕಾಶವಿದೆ. ಈ ವರದಿಯ ಪರಿಣಾಮ ಬಹಳ ಕಾಲ ಕಾಡುತ್ತದೆ. ಬೇಸರವಾಯಿತೆಂದು ಸ್ನೇಹಿತರ ಕೋಣೆಗೆ ಹೋಗಿ ಕುಳಿತುಬಿಡುವುದು ಪರಿಹಾರವಲ್ಲ.

ಕೆಲಸದ ಸಾಮಾನ್ಯ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ರಂಜಾನ್ ತಿಂಗಳಿನಲ್ಲಿ ದಿನಕ್ಕೆ ಎರಡು ಗಂಟೆ ಕಡಿಮೆ, ಮತ್ತು ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಕರಾವಳಿಯವರು ‘ನಮಗೆ ಸೆಕೆ ಹೊಸದಲ್ಲ’ ಎನ್ನುವುದುಂಟು. 45 ಡಿಗ್ರಿಯ ಬಿಸಿಲಿನೊಡನೆ ಸಮುದ್ರದ ತೇವವೂ ಸೇರಿದಾಗ ನಮ್ಮ ಏಪ್ರಿಲ್ ತಿಂಗಳ ಅನುಭವ ಸಾಲದು. ನೀರು ಮತ್ತು ಉಪ್ಪಿನಂಶದ ವಿಷಯದಲ್ಲಿ ಮೊದಲ ಬೇಸಿಗೆ ಕಳೆಯುವವರೆಗೆ ಅಲಕ್ಷ್ಯ ಸಲ್ಲದು.

ವಾರ್ಷಿಕ ರಜೆಯು ಒಂದು ವರ್ಷ ತುಂಬಿದ ಮೇಲೆ 30 ದಿನ. ಆರು ತಿಂಗಳು ತುಂಬಿದ ಮೇಲೆ ತಿಂಗಳಿಗೆ ಎರಡು ದಿನದ ಲೆಕ್ಕ. ಮೊದಲ ಆರು ತಿಂಗಳಲ್ಲಿ ರಜೆಯ ಹಕ್ಕು ಇಲ್ಲ; ಪರೀಕ್ಷಾವಧಿಯಲ್ಲಿ ಕಾಯಿಲೆ ಬಿದ್ದರೆ ಸಿಗುವ ರಜೆಗೆ ಸಂಬಳವೂ ಇಲ್ಲ. ಆದರೆ ಮನೆಯಲ್ಲಿ ಸಾವು ಸಂಭವಿಸಿದಲ್ಲಿ ಸಂಬಳಸಹಿತ ರಜೆಯು ಕಾನೂನುಬದ್ಧವಾಗಿ ದೊರೆಯುತ್ತದೆ: ಪತಿ ಅಥವಾ ಪತ್ನಿ ತೀರಿಕೊಂಡಾಗ ಐದು ದಿನ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು ತೀರಿಕೊಂಡಾಗ ಮೂರು ದಿನ. ಇದು ಬಹಳ ಜನರಿಗೆ ತಿಳಿಯದು. ಬಂದು ಹೋಗುವ ಪ್ರಯಾಣಕ್ಕೇ ಒಂದು ದಿನ ಬೇಕು. ಹನ್ನೊಂದು ಹದಿಮೂರು ದಿನಗಳ ಕ್ರಿಯೆ ಮುಗಿಯುವವರೆಗೆ ಮೂರು ದಿನ ಸಾಲದು. ಮಾಲೀಕರ ಒಪ್ಪಿಗೆಯಿಂದ ಸಂಬಳರಹಿತ ರಜೆಯನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ವಯಸ್ಸಾದ ತಂದೆತಾಯಿಗಳನ್ನು ಬಿಟ್ಟು ಹೊರಡುವವರು ಒಂದು ಬಾರಿಯ ತುರ್ತು ಟಿಕೆಟ್ಟಿನ ಹಣವನ್ನು ಬೇರಾವುದಕ್ಕೂ ಮುಟ್ಟದಂತೆ ಇಟ್ಟುಕೊಂಡಿರುವುದು ಮತ್ತು ತಾವು ಬರಲಾಗದಿದ್ದಲ್ಲಿ ಮುಂದಿನ ಕಾರ್ಯವನ್ನು ಯಾರು ನಡೆಸಬೇಕೆಂಬುದನ್ನು ಅಣ್ಣತಮ್ಮಂದಿರೊಡನೆ ಮೊದಲೇ ಮಾತನಾಡಿಕೊಂಡಿರುವುದು ಒಳ್ಳೆಯದು. ಅಪಶಕುನದ ಮಾತೆಂದು ಇದನ್ನು ಮುಂದೂಡಬಾರದು. ಅಂತಹ ರಾತ್ರಿಯಲ್ಲಿ ಪಾಸ್‌ಪೋರ್ಟ್ ಬೇರೆಯವರ ಕಪಾಟಿನಲ್ಲಿದ್ದರೆ ಏನಾದೀತೆಂಬುದನ್ನೂ ಯೋಚಿಸುವುದು.

ದಿನನಿತ್ಯದ ನಡವಳಿಕೆ

ಅಲ್ಲಿನ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ವಾಟ್ಸ್‌ಆ್ಯಪ್ ಸಂದೇಶಗಳು ತಲುಪುತ್ತವಾದರೂ ಅದರ ಧ್ವನಿ ಹಾಗೂ ವೀಡಿಯೊ ಕರೆಗಳಿಗೆ ನಿರ್ಬಂಧವಿರುವುದರಿಂದ ಅಲ್ಲಿ ಅನುಮತಿ ಪಡೆದ ಆ್ಯಪ್‌ಗಳನ್ನು ಬಳಸಬೇಕಾಗುತ್ತದೆ. ಮನೆಯವರ ಫೋನಿನಲ್ಲಿಯೂ ಅದನ್ನು ಮೊದಲೇ ಹಾಕಿಸಿಕೊಡುವುದು, ಇಲ್ಲವಾದಲ್ಲಿ ಮೊದಲ ವಾರ ದನಿ ಕೇಳದೆ ಎರಡೂ ಕಡೆ ಗಾಬರಿಯಾಗುತ್ತದೆ.

ಒಪ್ಪಿಗೆಯಿಲ್ಲದೆ ಪರರ, ವಿಶೇಷವಾಗಿ ಮಹಿಳೆಯರ, ಛಾಯಾಚಿತ್ರ ತೆಗೆಯುವುದು ಅಲ್ಲಿ ಅಪರಾಧ. ಸಂದೇಶಗಳಲ್ಲಿ ಬೈಗುಳ ಬರೆಯುವುದು, ಧರ್ಮನಿಂದೆಯ ಚಿತ್ರಗಳನ್ನು ಮುಂದಕ್ಕೆ ಕಳುಹಿಸುವುದು ಸೈಬರ್ ಅಪರಾಧ ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಊರಿನ ಗುಂಪಿನಲ್ಲಿ ನಡೆಯುವ ರಾಜಕೀಯ ಜಗಳವನ್ನು ಅಲ್ಲಿನ ಸಿಮ್ ಕಾರ್ಡಿನಿಂದ ಮುಂದುವರಿಸದಿರುವುದು ಜಾಣತನ. ಇದಕ್ಕಿಂತಲೂ ಜನರಿಗೆ ಅಚ್ಚರಿಯೆನಿಸುವ ನಿಯಮ ಇನ್ನೊಂದಿದೆ. ಪರವಾನಗಿ ಇಲ್ಲದೆ ಚಂದಾ ಎತ್ತುವುದು ಅಲ್ಲಿ ನಿಷಿದ್ಧ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕಾಗಲಿ, ಮಸೀದಿ ಅಥವಾ ಇಗರ್ಜಿಯ ಕಟ್ಟಡಕ್ಕಾಗಲಿ, ಆಸ್ಪತ್ರೆಯಲ್ಲಿರುವ ಮಗುವಿನ ಚಿಕಿತ್ಸೆಗಾಗಲಿ ಸದುದ್ದೇಶದಿಂದಲೇ ಹಣ ಸಂಗ್ರಹಿಸಿದರೂ ಕಾನೂನಿನ ಮುಂದೆ ಅದು ಉಲ್ಲಂಘನೆ. ಊರಿನ ಸಮಿತಿಗಳವರು ಗಲ್ಫ್‌ನಲ್ಲಿರುವ ಹುಡುಗರಿಗೆ ರಸೀದಿ ಪುಸ್ತಕ ಕಳುಹಿಸಿ ಅವರನ್ನು ಸಂಕಟಕ್ಕೆ ದೂಡಬಾರದೆಂದು ಈ ಮೂಲಕ ವಿನಂತಿಸಲಾಗಿದೆ.

ರಸ್ತೆಯನ್ನು ಗುರುತಿಸಿದ ಸ್ಥಳದಲ್ಲಿಯೇ ದಾಟಬೇಕು. ತಪ್ಪಿದಲ್ಲಿ 400 ದಿರ್ಹಂ ದಂಡ. ದುಬೈ ಮೆಟ್ರೋದಲ್ಲಿ ತಿಂಡಿ ತಿಂದರೆ 100 ದಿರ್ಹಂ. ರಂಜಾನ್ ಹಗಲಿನಲ್ಲಿ ಉಪವಾಸವಿರುವವರ ಎದುರು ತಿನ್ನುವುದು, ಸೇದುವುದು ಸಭ್ಯತೆಯಲ್ಲ. 2022ರಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ ಮತ್ತು ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಆರೋಗ್ಯ ವಿಮೆಯು 2025ರ ಜನವರಿಯಿಂದ ಎಲ್ಲ ಏಳು ಎಮಿರೇಟ್‌ಗಳಲ್ಲಿಯೂ ಕಡ್ಡಾಯವಾಗಿದ್ದು, ನೌಕರನ ವಿಮೆಯ ವೆಚ್ಚ ಮಾಲೀಕರದು. ಉದ್ಯೋಗನಷ್ಟದ ವಿಮೆಯು 2023ರಿಂದ ಕಡ್ಡಾಯ. ಮೂಲ ವೇತನ 16,000 ದಿರ್ಹಂವರೆಗೆ ಇರುವವರಿಗೆ ತಿಂಗಳಿಗೆ 5 ದಿರ್ಹಂ. ಇದನ್ನು ನೌಕರನೇ ಕಟ್ಟಬೇಕು.

ಬಹುಪಾಲು ಹೊಸಬರು ಒಂದು ಕೋಣೆಯಲ್ಲಿ ನಾಲ್ಕಾರು ಮಂದಿಯೊಡನೆ ಇರಬೇಕಾಗುತ್ತದೆ. ಬಾಡಿಗೆಯ ಪಾಲು, ಅಡುಗೆಯ ಸರದಿ, ರಾತ್ರಿ ಪಾಳಿಯವರ ನಿದ್ರೆ ಇವುಗಳನ್ನು ಮೊದಲ ವಾರವೇ ಮಾತನಾಡಿಕೊಂಡರೆ ಜಗಳ ತಪ್ಪುತ್ತದೆ. ಭಾಷೆಯ ವಿಷಯದಲ್ಲಿ ಹಿಂದಿ ಮತ್ತು ಇಂಗ್ಲಿಷ್ ಸಾಕಾಗುತ್ತದೆ. ಮಲಯಾಳಂ ಅರ್ಥವಾಗುವವರಿಗೆ ಇನ್ನೂ ಸಲೀಸು. ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಕರ್ನಾಟಕ ಸಂಘಗಳೂ ತುಳು, ಕೊಂಕಣಿ, ಬ್ಯಾರಿ ಭಾಷಿಕರ ಸಂಘಟನೆಗಳೂ ಇದ್ದು, ರಾಜ್ಯೋತ್ಸವ, ಯಕ್ಷಗಾನ ಮುಂತಾದವು ನಡೆಯುತ್ತವೆ. ದುಬೈಯ ಜೆಬೆಲ್ ಅಲಿಯಲ್ಲಿ 2022ರಲ್ಲಿಯೂ ಅಬುಧಾಬಿಯಲ್ಲಿ 2024ರಲ್ಲಿಯೂ ಹಿಂದೂ ದೇವಾಲಯಗಳು ತೆರೆದಿವೆ. ಚರ್ಚುಗಳು ಹಿಂದಿನಿಂದಲೂ ಇವೆ. ವಾರದ ಒಂದು ರಜಾ ದಿನವನ್ನು ಕೋಣೆಯಲ್ಲಿ ಮಲಗಿ ಕಳೆಯದೆ ನಾಲ್ಕು ಜನರ ನಡುವೆ ಕಳೆಯುವವರಿಗೆ, ಕಷ್ಟ ಬಂದಾಗ ಯಾರನ್ನು ಕೇಳಬೇಕೆಂಬುದು ಆ ವೇಳೆಗೆ ತಿಳಿದಿರುತ್ತದೆ. ಮನಸ್ಸು ತೀರಾ ಕುಗ್ಗಿ ನಿದ್ರೆ, ಊಟ ಬಿಟ್ಟುಹೋದಲ್ಲಿ ಅದನ್ನು ಮನೆಗೆ ಮುಚ್ಚಿಡದೆ ತಿಳಿಸುವುದು ಮತ್ತು ವಿಮೆಯ ಆಸ್ಪತ್ರೆಗೆ ಹೋಗುವುದು.

ತೊಂದರೆ ಉಂಟಾದಲ್ಲಿ

ಸಂಬಳ ಬಾರದಿದ್ದರೆ ಮೊದಲು ಕಾರ್ಮಿಕ ಸಚಿವಾಲಯಕ್ಕೆ ದೂರು ಸಲ್ಲಿಸತಕ್ಕದ್ದು (ಆ ದೇಶದೊಳಗಿನಿಂದ 80084). 50,000 ದಿರ್ಹಂವರೆಗಿನ ತಕರಾರುಗಳನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ. ಕೆಲಸ ಬಿಟ್ಟ ದಿನದಿಂದ ಎರಡು ವರ್ಷಗಳ ಒಳಗೆ ಹಕ್ಕು ಮಂಡಿಸಬೇಕು. ಊರಿಗೆ ಬಂದ ಮೇಲೆ ನಿಧಾನವಾಗಿ ನೋಡೋಣವೆಂದರೆ ಅವಧಿ ಮೀರುತ್ತದೆ. ಭಾರತೀಯ ದೂತಾವಾಸದ ನೆರವಿಗಾಗಿ ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದ್ದು, ಅದರ ಉಚಿತ ದೂರವಾಣಿ 800 46342. ಭಾರತದೊಳಗಿನಿಂದ ಕುಟುಂಬದವರು 1800 11 3090ಕ್ಕೆ ಕರೆ ಮಾಡಬಹುದು ಅಥವಾ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು. ತೀರಾ ಸಂಕಷ್ಟದಲ್ಲಿರುವವರ ಟಿಕೆಟ್, ತಾತ್ಕಾಲಿಕ ವಸತಿ, ಪಾರ್ಥಿವ ಶರೀರದ ಸಾಗಣೆ ಮುಂತಾದವಕ್ಕೆ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ನೀಡಲು ಅವಕಾಶವಿರುತ್ತದೆ.

ದೂರಿನೊಂದಿಗೆ ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಗುರುತಿನ ಚೀಟಿ, ಸಹಿ ಮಾಡಿದ ಉದ್ಯೋಗ ಪ್ರಸ್ತಾವ ಪತ್ರ, ಕರಾರು ಪತ್ರ, ಏಜೆಂಟರಿಗೆ ಹಣ ನೀಡಿದ ರಸೀದಿ ಹಾಗೂ ವಿಮಾ ಪಾಲಿಸಿಯ ಪ್ರತಿಗಳನ್ನು ಲಗತ್ತಿಸುವುದು. ಈ ಏಳು ಕಾಗದಗಳ ಒಂದೊಂದು ಪ್ರತಿಯನ್ನು ಲಕೋಟೆಯಲ್ಲಿ ಹಾಕಿ, ಮೇಲೆ ಮಾಲೀಕರ ಪೂರ್ಣ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಒಬ್ಬ ಜೊತೆಗಾರನ ದೂರವಾಣಿ ಸಂಖ್ಯೆಯನ್ನು ಬರೆದು ಮನೆಯಲ್ಲಿ ಓದುಬರಹ ಬಲ್ಲವರ ವಶದಲ್ಲಿ ಇಡತಕ್ಕದ್ದು. ಗುರುತಿನ ಚೀಟಿ ಮತ್ತು ಕರಾರು ಪತ್ರಗಳು ಅಲ್ಲಿ ತಲುಪಿದ ನಂತರ ದೊರೆಯುವುದರಿಂದ, ಕೈಗೆ ಬಂದ ದಿನವೇ ಅವುಗಳ ಛಾಯಾಚಿತ್ರವನ್ನು ಮನೆಗೆ ಕಳುಹಿಸಿ ಲಕೋಟೆಗೆ ಸೇರಿಸಲು ತಿಳಿಸುವುದು.